ಅರ್ಧ ಬಕೆಟ್ ನೀರಿನ ಪ್ರಶ್ನೆ

ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಸೋರಿಗೆ ನೆಲದ ಪ್ರಶ್ನೆ ಎದುರಾಗೋದು ದುಡ್ಡು ಹೆಚ್ಚುಕಮ್ಮಿ ಮುಗಿದ ಮೇಲೆ. ನಮಗೂ ಹಾಗೇ ಆಯ್ತು. ಹೆಂಡತಿಗೆ ಮರದ ನೆಲ ಬೇಕು, ಮೇಸ್ತ್ರಿಗೆ ಟೈಲ್ಸ್ ಬೇಕು, ನನಗೆ ಎರಡನ್ನೂ ಎಕ್ಸೆಲ್ ಶೀಟಿಗೆ ಇಳಿಸದೆ ನಿದ್ದೆ ಬರಲ್ಲ. ‘ಇಂಜಿನಿಯರ್ಡ್ ವುಡ್’ ಅನ್ನೋ ಹೆಸರಲ್ಲೇ ನಮ್ಮ ಜಾತಿಯವನೊಬ್ಬ ಇದ್ದಾನಲ್ಲ ಅಂತ ಅದರ ಮೇಲೆ ಸ್ವಲ್ಪ ಮಮತೆಯೂ ಇತ್ತು ಅನ್ನಿ.

ಅಂಗಡಿಗೆ ಹೋದರೆ ಎಲ್ಲವೂ ‘ವುಡನ್ ಫ್ಲೋರಿಂಗ್’. ಹೆಸರು ಬಿಡಿ, ಹಲಗೆಯ ಅಂಚು ನೋಡಿ. ಲ್ಯಾಮಿನೇಟ್ ಅಂದರೆ ಮರದ ನಾರನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಫೋಟೋ. ಇಂಜಿನಿಯರ್ಡ್ ವುಡ್‌ನಲ್ಲಿ ಮೇಲಿನ ಪದರ ನಿಜವಾದ ಮರ. ಕೆಳಗೆ ಪ್ಲೈವುಡ್ಡಿನ ಪದರಗಳು, ಒಂದರ ಎಳೆ ಉದ್ದಕ್ಕಿದ್ದರೆ ಇನ್ನೊಂದರದ್ದು ಅಡ್ಡಕ್ಕೆ. ಆಷಾಢದಲ್ಲಿ ಬಿಗಿದುಕೊಂಡು ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುವ ಊರಮನೆಯ ಬಾಗಿಲು ನೆನಪಿಸಿಕೊಳ್ಳಿ. ಮರ ತೇವ ಕುಡಿದು ಹಿಗ್ಗುವುದು ಎಳೆಯ ಅಡ್ಡಕ್ಕೆ. ಪದರಗಳನ್ನು ಅಡ್ಡಡ್ಡ ಅಂಟಿಸಿದರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೇಲಿನ ಪದರ 3–4 ಮಿಲಿಮೀಟರ್ ಇದ್ದರೆ ಮುಂದೆ ಒಂದೆರಡು ಸಲ ಉಜ್ಜಿ ಪಾಲಿಶ್ ಮಾಡಿಸಬಹುದು. ಲ್ಯಾಮಿನೇಟಿನಲ್ಲಿ ಫೋಟೋ ಸವೆದರೆ ಮುಗೀತು.

ಆದರೆ ಹಿಗ್ಗೋದು ಪೂರ್ತಿ ನಿಲ್ಲಲ್ಲ. ಅದಕ್ಕೇ ಗೋಡೆಯ ಸುತ್ತ ಸುಮಾರು 10 ಮಿಲಿಮೀಟರ್ ಸಂದಿ ಬಿಟ್ಟು ಸ್ಕರ್ಟಿಂಗ್‌ನಿಂದ ಮುಚ್ಚುತ್ತಾರೆ. ಒರೆಸಬೇಕಾದರೂ ಚೆನ್ನಾಗಿ ಹಿಂಡಿದ ಬಟ್ಟೆಯೇ ಆಗಬೇಕು. ನೀರು ನಿಂತರೆ ಜೋಡಣೆಯೊಳಗೆ ಇಳಿದು ಅಂಚು ಏಳುತ್ತೆ. ಇಲ್ಲೇ ನನ್ನ ಎಕ್ಸೆಲ್ ಶೀಟು ಕೈಕೊಟ್ಟಿದ್ದು, ಏಕೆಂದರೆ ಅದರಲ್ಲಿ ‘ನೆಲ ಒರೆಸೋರು ಯಾರು’ ಅನ್ನೋ ಕಾಲಮ್ಮೇ ಇರಲಿಲ್ಲ. ನಮ್ಮ ಬಾಡಿಗೆ ಮನೆಗೆ ಬರೋ ಅಕ್ಕ ಅರ್ಧ ಬಕೆಟ್ ನೀರಿಗೆ ಫಿನಾಯಿಲ್ ಹಾಕಿ, ಅರ್ಧ ಗಂಟೆಯಲ್ಲಿ ಮನೆಯೆಲ್ಲ ಒರೆಸಿ ಇನ್ನೊಂದು ಮನೆಗೆ ಓಡಬೇಕು. ಪ್ರತಿ ಸಲ ಬಟ್ಟೆ ಹಿಂಡಿ ಹಿಂಡಿ ಒರೆಸಿ ಅನ್ನೋದು ಅವರ ಕೈಗೆ ಹೊಸ ಕೆಲಸ ಕೊಟ್ಟಂತೆ, ಸಂಬಳ ಅಷ್ಟೇ. ಬಚ್ಚಲಿನಿಂದ ಒದ್ದೆ ಕಾಲಲ್ಲೇ ಹೊರಗೆ ಬರೋ ಜನ ನಾವು. ಸೊಪ್ಪು ಬಿಡಿಸೋದು, ಈಳಿಗೆಮಣೆ ಹಾಕ್ಕೊಂಡು ಕಾಯಿ ತುರಿಯೋದು, ಮಧ್ಯಾಹ್ನ ಚಾಪೆ ಹಾಸಿ ಉರುಳೋದು ಎಲ್ಲ ನೆಲದ ಮೇಲೇ. ಹಾಲಿಗೂ ಅಡುಗೆಮನೆಗೂ ಮರ ಬೇಡ ಅನ್ನೋದು ಅಲ್ಲಿಗೇ ತೀರ್ಮಾನವಾಯ್ತು. ಹೆಂಡತಿ ಎರಡು ದಿನ ಮಾತು ಕಮ್ಮಿ ಮಾಡಿದಳು, ಅದು ಬೇರೆ ವಿಷಯ.

ಎಸ್‌ಪಿಸಿ ಅಂತ ಇನ್ನೊಂದು ತೋರಿಸಿದರು. ಸುಣ್ಣಕಲ್ಲಿನ ಪುಡಿಗೆ ಪಿವಿಸಿ ಬೆರೆಸಿ ಮಾಡಿದ್ದು, ನೀರಿಗೆ ಹೆದರಲ್ಲ. ಉಪಯೋಗದ ವಸ್ತುವೇ, ನನಗೆ ಮಾತ್ರ ಮನಸ್ಸಾಗಲಿಲ್ಲ.

ಉಳಿದಿದ್ದು ಅಮ್ಮನ ಕೋಣೆ. ಅಪ್ಪ ಹೋದ ಮೇಲೆ ಮೂರು ವರ್ಷ ಒಬ್ಬಳೇ ಇದ್ದವಳು ಈಗ ಹಸು ಮಾರಿ ಬರೋಕೆ ಒಪ್ಪಿದ್ದಾಳೆ. ಅವಳಿಗೆ ರೆಡ್ ಆಕ್ಸೈಡ್ ಹಾಕಿಸಿದರೆ ಊರಮನೆ ಥರ ಇರುತ್ತೆ ಅಂತ ಆಫೀಸಿನ ಗೆಳೆಯರ ಸಲಹೆ. ಕೆಂಪು ನೆಲದ ಫೋಟೋಗೆ ಲೈಕ್ ಒತ್ತೋರಲ್ಲಿ ಎಷ್ಟು ಜನ ಅದನ್ನ ಕೂತು ಒರೆಸಿದ್ದಾರೋ. ಫೋನ್ ಮಾಡಿ ಕೇಳಿದೆ.

“ಮಣ್ಣಿನ ನೆಲ ಇದ್ದಾಗ ಸಗಣಿ ಸಾರಿಸಿದ್ದಾಯ್ತು, ಕೆಂಪು ನೆಲ ಬಂದ್ಮೇಲೆ ಕುಕ್ಕರುಗಾಲಲ್ಲಿ ಕೂತು ಒರೆಸಿದ್ದಾಯ್ತು. ಮಂಡಿ ಹೋಗಿರೋದು ಸಾಲ್ದಾ? ಬೆಳಗ್ಗೆ ಎದ್ದು ಕಾಲಿಟ್ರೆ ಝುಂ ಅನ್ನದೇ ಇರೋದು ಯಾವ್ದಾದ್ರೂ ಹಾಕ್ಸಪ್ಪ.”

ಟೈಲ್ಸ್ ಆಗಲಿ ಮರವಾಗಲಿ, ಒಂದೇ ಕೋಣೆಯಲ್ಲಿದ್ದರೆ ಎರಡರ ಉಷ್ಣತೆಯೂ ಹೆಚ್ಚುಕಮ್ಮಿ ಒಂದೇ. ಟೈಲ್ಸ್ ಅಂಗಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತೆ, ಮರ ನಿಧಾನವಾಗಿ. ಡಿಸೆಂಬರಿನ ಬೆಂಗಳೂರಿನಲ್ಲಿ ಆ ವ್ಯತ್ಯಾಸ ಗೊತ್ತಾಗೋದು ನೋಯೋ ಕಾಲಿಗೆ. ಮನೆಯೊಳಗೆ ಚಪ್ಪಲಿ ಹಾಕ್ಕೋ ಅಂದರೆ ಅಮ್ಮ ಈ ಜನ್ಮದಲ್ಲಿ ಹಾಕಲ್ಲ. ಅದಕ್ಕಿಂತ ನನಗಿದ್ದ ದೊಡ್ಡ ಭಯ ಹೊಳಪಿನ ಟೈಲ್ಸಿನದ್ದು. ಅರವತ್ತೆಂಟರಲ್ಲಿ ನೀರಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನ ಹಾಗೆ ಓಡಾಡೋದು ಕಷ್ಟ.

ಹಾಗಾಗಿ ಅವಳ ಕೋಣೆಗೆ ಮಾತ್ರ ಇಂಜಿನಿಯರ್ಡ್ ವುಡ್, ಮಿಕ್ಕ ಕಡೆ ಮ್ಯಾಟ್ ಫಿನಿಶ್ ವಿಟ್ರಿಫೈಡ್. ಬಚ್ಚಲ ಬಾಗಿಲಿನ ಮುಂದೆ ಮೂರು ಅಡಿ ಟೈಲ್ಸ್ ಬಿಟ್ಟು ಅಲ್ಲಿಂದಾಚೆ ಮರ ಶುರು. ನೀವೂ ಹೀಗೆ ಎರಡು ಥರ ಹಾಕಿಸೋದಾದರೆ ಮೇಸ್ತ್ರಿಗೆ ಮೊದಲೇ ಹೇಳಿ. ಹಲಗೆ, ಅದರಡಿಯ ಫೋಮ್ ಎರಡರ ದಪ್ಪ ಒಂದು ಕಡೆ, ಟೈಲ್ಸ್, ಗಾರೆ ಎರಡರ ದಪ್ಪ ಇನ್ನೊಂದು ಕಡೆ. ಲೆಕ್ಕ ತಪ್ಪಿದರೆ ನಡುವೆ ಅರ್ಧ ಇಂಚಿನ ಮೆಟ್ಟಿಲು ನಿಲ್ಲುತ್ತೆ, ವಯಸ್ಸಾದವರು ಎಡವೋಕೆ ಅಷ್ಟು ಸಾಕು. ಆ ಕೋಣೆ ಒರೆಸೋದು ನನ್ನ ಪಾಲಿಗೆ ಅಂತಲೂ ಆಗಿದೆ, ಹಿಂಡಿದ ಬಟ್ಟೆಯಲ್ಲೇ.

ಹಲಗೆಯ ಪೆಟ್ಟಿಗೆಗಳು ಬಂದು ಈಗ ಅಮ್ಮನ ಕೋಣೆಯಲ್ಲಿ ಮಲಗಿವೆ. ಹಾಕೋಕೆ ಮುಂಚೆ 48 ಗಂಟೆಯಾದರೂ ಅಲ್ಲಿನ ಗಾಳಿಗೆ ಒಗ್ಗಬೇಕು. ಇದನ್ನೆಲ್ಲ ವಿವರವಾಗಿ ಫೋನಿನಲ್ಲಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, “ಅದಿರ್ಲಿ, ಬಾಗಿಲ ಮುಂದೆ ರಂಗೋಲಿ ಬಿಡೋಕೆ ಏನು ಕಲ್ಲು ಹಾಕ್ಸಿದೀಯಾ?” ಅಂದಳು.

ಪಾಲಿಶ್ ಮಾಡದ ಒರಟು ಗ್ರಾನೈಟ್ ಅಂದೆ.