ರಾಮಗಢದ ಆಕಾಶದಲ್ಲಿ ಓಡುವ ನಕ್ಷತ್ರ!

ನಾವು ರಾಮನಗರಕ್ಕೆ ಹೋಗಿದ್ದು ನಕ್ಷತ್ರ ನೋಡೋಕಲ್ಲ, ಗಬ್ಬರ್ ಸಿಂಗ್ ಓಡಾಡಿದ ಬಂಡೆ ನೋಡೋಕೆ! ಜೊತೆಗಿದ್ದ ಗೆಳೆಯ ಗಾಂಧಿನಗರದಲ್ಲಿ ಆರು ವರ್ಷ ಚಪ್ಪಲಿ ಸವೆಸಿದವನು. ಕಡೆಗೊಮ್ಮೆ ಸಿಕ್ಕಿದ್ದ ಎರಡು ಸಾಲು ಡೈಲಾಗೂ ಎಡಿಟಿಂಗ್‌ನಲ್ಲಿ ಕತ್ತರಿಗೆ ಬಿದ್ದಿತ್ತು. "ನಾಳೆ ಊರಿಗೆ ಹೊರಟೆ ಗುರೂ, ಅಣ್ಣನ ಅಂಗಡೀಲಿ ಕೂರ್ತೀನಿ. ಅದಕ್ಕೆ ಮುಂಚೆ ಒಂದ್ಸಲ 'ಶೋಲೆ' ಬೆಟ್ಟ ತೋರಿಸು" ಅಂದ.

ರಾಮದೇವರ ಬೆಟ್ಟದ ಬುಡ ಮುಟ್ಟಿದಾಗ ಸಂಜೆ. ಈಗದು ರಣಹದ್ದುಗಳ ರಕ್ಷಿತ ತಾಣ. ಸಿಪ್ಪಿ ಹಾಕಿಸಿದ್ದ ರಾಮಗಢದ ಸೆಟ್ ಎಂದೋ ಮಾಯ. ಪೆಚ್ಚುಮೋರೆ ಹಾಕಿಕೊಂಡು ಕೆಳಗಿನ ಹೊಲದ ಬಂಡೆ ಮೇಲೆ ಅಂಗಾತ ಮಲಗಿದೆವು. ಕೈಯಲ್ಲಿ ಕಡಲೆಕಾಯಿ ಪೊಟ್ಟಣ.

ಏಳೂಕಾಲು ಗಂಟೆ ಇರಬಹುದು. "ಲೋ, ಆ ನಕ್ಷತ್ರ ಓಡ್ತಿದೆ ಕಣೋ!" ಎಂದು ಕೂಗಿದ.

ವಿಮಾನವಾಗಿದ್ದರೆ ದೀಪ ಮಿನುಗಬೇಕಿತ್ತು. ಇದು ಮಿನುಗದೆ, ಸದ್ದಿಲ್ಲದೆ ಪಶ್ಚಿಮದಿಂದ ನೆತ್ತಿ ದಾಟಿ ಪೂರ್ವಕ್ಕೆ ಹೋಗುತ್ತಾ ನಡು ಆಕಾಶದಲ್ಲೇ ಆರಿಹೋಯಿತು. ಐದು ನಿಮಿಷಕ್ಕೆ ಇನ್ನೊಂದು, ಮಂಕಾದದ್ದು, ಉತ್ತರದಿಂದ ದಕ್ಷಿಣಕ್ಕೆ. ಉಪಗ್ರಹಗಳು! ಅವಕ್ಕೆ ಸ್ವಂತ ದೀಪವಿಲ್ಲ. ನಮಗೆ ಸೂರ್ಯ ಮುಳುಗಿದರೂ ನೂರಾರು ಕಿಲೋಮೀಟರ್ ಮೇಲಿರುವ ಅವುಗಳ ಮೇಲೆ ಇನ್ನೂ ಬಿಸಿಲು. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಮಾಯ.

"ಅವಕ್ಕೂ ಕತ್ತರಿ!" ಎಂದು ನಕ್ಕ. ನಗುವಲ್ಲಿ ಅಳು ಇತ್ತು.

ಆಗ ನನಗೆ 1975 ನೆನಪಾಯಿತು. ಈ ಬೆಟ್ಟದ 'ಶೋಲೆ' ಆ ವರ್ಷ ಆಗಸ್ಟ್ 15ಕ್ಕೆ ತೆರೆಕಂಡಾಗ ಮೊದಲ ದಿನಗಳಲ್ಲಿ "ಫ್ಲಾಪ್" ಅಂದವರೇ ಹೆಚ್ಚು. ಆಮೇಲೆ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು! ಅದೇ ವರ್ಷ ಏಪ್ರಿಲ್ 19ರಂದು, ನಮ್ಮ ಉಡುಪಿ ಕಡೆಯ ಯು. ಆರ್. ರಾವ್ ಅವರ ತಂಡ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ 'ಆರ್ಯಭಟ' ರಷ್ಯಾದ ರಾಕೆಟ್ ಏರಿ ಹಾರಿತು. ನಾಲ್ಕೈದು ದಿನದಲ್ಲೇ ವಿದ್ಯುತ್ ಕೈಕೊಟ್ಟು ಅದರ ಪ್ರಯೋಗಗಳು ನಿಂತವು. ಆದರೂ 1992ರವರೆಗೆ ಭೂಮಿ ಸುತ್ತುತ್ತಲೇ ಇತ್ತು. ಅದನ್ನು ಕಟ್ಟಿ ಪಳಗಿದ ಕೈಗಳೇ ಮುಂದಿನವನ್ನೂ ಕಟ್ಟಿದವು.

ಎಲ್ಲ ಕೇಳಿ ಅವನು ಸುಮ್ಮನಾದ. ಕಡೇ ಬಸ್ ಬರುವ ತನಕ ಆಕಾಶದಿಂದ ಕಣ್ಣು ಕೀಳಲಿಲ್ಲ.

ಊರಿಗೆ ಹೋದ, ಅಂಗಡಿಯಲ್ಲೂ ಕೂತ. ಮೊನ್ನೆ ಫೋನ್ ಬಂತು: "ಇವತ್ತು ಮೂರು ಕಂಡ್ವು ಗುರೂ! ಜಾತ್ರೆ ನಾಟಕದಲ್ಲಿ ನಂಗೆ ಪಾರ್ಟು. ಅಲ್ಲಿ ಕತ್ತರಿ ಇಲ್ಲ!"

ನೀವೂ ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ಕತ್ತಲಲ್ಲಿ ಮಲಗಿ ನೋಡಿ. ಟಿಕೆಟ್ ಬೇಕಿಲ್ಲ!