ಬೇಸ್ ಬಡಿದ್ರ ಕಣ್ಣು ಮಿಟುಕಿಸೋ ಹೆಡ್‌ಲೈಟ್

ಉಮರ್ಗಾದಿಂದ ನಿಲಂಗಾ ಕಡಿ ರಾತ್ರಿ ಹೊಂಟಿದ್ವಿ. ಡಿಕ್ಕಿಯೊಳಗ ವೂಫರ್. ಒಂದೊಂದು ಬಡಿತಕ್ಕೂ ಹೆಡ್‌ಲೈಟ್ ಮಂಕಾಗಿ ಮತ್ತ ಬೆಳಗ್ತಿತ್ತು.

"ದೊಡ್ಡ ಬ್ಯಾಟರಿ ಹಾಕಸೋಣೇನ್ರಿ ಕಾಕಾ?" ಅಂದ ಹುಡುಗ.

ಬ್ಯಾಟರಿ ಅಂದ್ರ ಹಗೇವು ಇದ್ದಂಗ. ತುಂಬಾಂವ ಆಲ್ಟರ್ನೇಟರ್. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಕೊಡ್ತದ. ಆಂಪ್ಲಿಫೈಯರ್ ಖರೇನ 1000 ವ್ಯಾಟ್ ಎಳದ್ರ (ಡಬ್ಬಿ ಮ್ಯಾಲಿನ ಲೆಕ್ಕ ನಂಬಬ್ಯಾಡ್ರಿ) 70 ಆಂಪಿಯರ್ ದಾಟ್ತದ. ಸಣ್ಣ ಕಾರಿನ ಆಲ್ಟರ್ನೇಟರಿನ ಪೂರಾ ದುಡಿಮಿ ಹೆಚ್ಚೂಕಮ್ಮಿ ಅಷ್ಟ. ದೀಪ, ಎಸಿ ಬ್ಯಾರೆ. ನಿಂತ ಗಾಡಿ ಸುಮ್ನ ಗುರುಗುಟ್ಟುವಾಗಂತೂ ಇನ್ನೂ ಕಮ್ಮಿ.

ಮುಂದ ಉದಗೀರ್ ಕ್ವಾಟಿ ಹತ್ರ ಎಂಜಿನ್ ಬಂದ್ ಮಾಡಿ ಹಾಡು ಹಚ್ಚಿದ್ವಿ. ತಾಸಿನ ಮ್ಯಾಲ ಚಾವಿ ತಿರುವಿದ್ರ ಬರೀ 'ಟಕ್'. ತಳ್ಳಾಕ ಬಂದವರು ಮರಾಠಿಯೊಳಗ ನಕ್ಕರು, ನಾವು ಕನ್ನಡದಾಗ.