ಅತಿಥಿಗೂ ತಿಥಿಯುಂಟು

ಔರಾದದ ಅಮರೇಶ್ವರ ದೇಗುಲದ ಮುಂದೆ ನನ್ನ ಹಳೆಯ ಶಿಷ್ಯನೊಬ್ಬನು ಕೈಮುಗಿದು ನಿಂತನು. “ಗುರುಗಳೆ, ದುಬೈಗೆ ಹೊರಟಿದ್ದೇನೆ. ಪ್ರವಾಸಿಯ ವೀಸಾದ ಮೇಲೆ ಹೋಗಿ ಅಲ್ಲಿಯೇ ಕೆಲಸಕ್ಕೆ ನಿಲ್ಲಬಹುದೆಂದು ದಲ್ಲಾಳಿ ಹೇಳಿದ್ದಾನೆ” ಎಂದನು. ಮುಂಗಡಕ್ಕೆಂದು ತಾಯಿಯ ಬಂಗಾರವನ್ನು ಒತ್ತೆಯಿಡುವವನಿದ್ದನು.

ದಾರಿಯೇನೋ ಸುಲಭ. ಬೀದರದ ಮೇಲಿಂದ ಹೈದರಾಬಾದು. ಅಲ್ಲಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಕಠಿಣವಾದುದು ಬಾಗಿಲು. ತಿಥಿಯನ್ನು ಗೊತ್ತುಮಾಡದೆ ಬರುವವನೇ ಅತಿಥಿಯೆಂದು ನಮ್ಮ ಹಿರಿಯರು ಅರ್ಥ ಹೇಳಿದರು. ಆ ನಾಡಿನ ಅತಿಥಿಗಾದರೋ ತಿಥಿ ನಿಶ್ಚಿತ. ಪ್ರವಾಸಿಯ ವೀಸಾ ಸಾಮಾನ್ಯವಾಗಿ 30 ಇಲ್ಲವೆ 60 ದಿನಗಳದು. ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಆಯುಸ್ಸು ಉಳಿದಿರಬೇಕು. ಮರಳುವ ಟಿಕೀಟು ಕೈಯಲ್ಲಿರಬೇಕು. ಅವಧಿ ಮೀರಿದರೆ ದಿನದಿನಕ್ಕೂ ದಂಡ. ಅವನು ಊರು ನೋಡಬಹುದು, ನಂಟರನ್ನು ಕಾಣಬಹುದು, ದುಡಿಯಲಾಗದು.

ದುಡಿಮೆಗೆ ಬೇರೆಯೇ ವೀಸಾ ಬೇಕು. ಹತ್ತನೆಯ ತರಗತಿ ದಾಟದವರು 1983ರ ವಲಸೆ ಕಾಯಿದೆಯ ಮೇರೆಗೆ ನಮ್ಮ ಸರಕಾರದ ಅನುಮತಿಯನ್ನೂ ಪಡೆಯಬೇಕು. ಅದಕ್ಕೆ ಕೆಲಸದ ಕರಾರುಪತ್ರವನ್ನು ತೋರಿಸಬೇಕಾಗುವುದು. ಕಳ್ಳದಾರಿಯಲ್ಲಿ ಹೋದವನಿಗೆ ಕೂಲಿ ತಪ್ಪಿದರೆ ತೋರಿಸಲು ಆ ಪತ್ರವೂ ಇರದು.

ಹುಡುಗನು ಗಣಿತವೊಂದರಲ್ಲಿಯೇ ಸೋತವನು. “ಬಂಗಾರ ತಾಯಿಯ ಬಳಿಯೇ ಇರಲಿ, ನಾಳೆ ಪುಸ್ತಕ ತೆಗೆದುಕೊಂಡು ಬಾ” ಎಂದೆನು. ಮರುದಿನ ಬೆಳಗಿನಲ್ಲಿಯೇ, ತಿಥಿ ತಪ್ಪದ ಅತಿಥಿಯಂತೆ, ಬಾಗಿಲಲ್ಲಿ ನಿಂತಿದ್ದನು.